ಲಕ್ಕಿ ತಪ್ಪಲದ ಕಾವು

(ಇಳಕಲ್ಲಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿ ಇಟ್ಟ ಮನೆಯವರು ನನ್ನನ್ನು ಕರೆಯಲು ಬಂದಾಗ ಒಂದೇ ಷರತ್ತು ಹಾಕಿದರು: ‘ಸರ್, ಮಗ್ಗದಾಗ ಕೂಡೋರಿಗೆ ತಿಳೀಬೇಕು.’ ಮೂವತ್ತು ವರ್ಷ ಔಷಧ ರಸಾಯನದ ಪಾಠ ಹೇಳಿ ನಿವೃತ್ತನಾದವನಿಗೆ ಇದಕ್ಕಿಂತ ಬಿಗಿಯಾದ ಪರೀಕ್ಷೆ ಇನ್ನೊಂದಿಲ್ಲ. ಹುಡುಗರ ಮುಂದೆ ಕಷ್ಟದ ಹೆಸರು ಹೇಳಿ ಪಾರಾಗಬಹುದು. ಇಲ್ಲಿ ಆಗುವುದಿಲ್ಲ, ಯಾಕೆಂದರೆ ಮುಂದಿನ ಸಾಲಿನಲ್ಲಿ ಕುಳಿತ ಹತ್ತು ಮಂದಿಯಲ್ಲಿ ಆರು ಮಂದಿ ಕೂಡುವಾಗ ಮಣಕಾಲು ಹಿಡಿದುಕೊಂಡು ಕುಳಿತದ್ದನ್ನು ನಾನು ನೋಡಿದ್ದೇನೆ. ನನ್ನ ವಿಷಯ ಆ ಮಣಕಾಲೇ.

ನಮ್ಮವ್ವ ಇದೇ ಊರಿನಲ್ಲಿ ನಲವತ್ತು ವರ್ಷ ಕುಣಿಮಗ್ಗದಲ್ಲಿ ಸೀರೆ ನೇಯ್ದವಳು. ಬೆಳಿಗ್ಗೆ ಕಾಲು ಕುಣಿಗೆ ಇಳಿದರೆ ಏಳುವುದು ಮಧ್ಯಾಹ್ನದ ಊಟಕ್ಕೆ. ಸಂಜೆ ಹೊತ್ತಿಗೆ ಎರಡೂ ಮಣಕಾಲು ಬಾತು ಕುಂಬಳಕಾಯಿ ಆಗುತ್ತಿದ್ದವು. ಅಜ್ಜಿ ಹಳ್ಳದ ದಂಡೆಯಿಂದ ಲಕ್ಕಿ ತಪ್ಪಲು ಮುರಿದು ತಂದು, ಹೆಂಚಿನ ಮೇಲೆ ಬಾಡಿಸಿ, ಅರಿವೆಯಲ್ಲಿ ಗಂಟು ಕಟ್ಟಿ ಕಾವು ಕೊಡುತ್ತಿದ್ದಳು. ಆ ಘಾಟು ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಕಾಳಿನ ಗಡಿಗೆಯಲ್ಲಿ ಹುಳ ಬೀಳದಿರಲೆಂದು ಹಾಕುತ್ತಿದ್ದದ್ದೂ ಅದೇ ಲಕ್ಕಿ. ಸಂಸ್ಕೃತದವರು ಇದನ್ನೇ ನಿರ್ಗುಂಡಿ ಎಂದರು.

ಕಾವು ಕೊಟ್ಟ ರಾತ್ರಿ ಅವ್ವ ನಿದ್ದೆ ಮಾಡುತ್ತಿದ್ದಳು, ಇದು ನಿಜ. ಆ ನಿದ್ದೆಯಲ್ಲಿ ಬಿಸಿಯದೆಷ್ಟು, ಎಲೆಯದೆಷ್ಟು, ಅಜ್ಜಿಯ ಕೈಯದೆಷ್ಟು? ಮುಂದೆ ಪ್ರಯೋಗಶಾಲೆಯಲ್ಲಿ ಕಳೆದ ವರ್ಷಗಳಲ್ಲೆಲ್ಲ ನಾನು ಹುಡುಕಿದ್ದು ಈ ಪ್ರಶ್ನೆಯ ಉತ್ತರವನ್ನೇ ಎನಿಸುತ್ತದೆ.

ಮೊದಲು ಒಂದು ಪದ. ಇಂಗ್ಲಿಷಿನವರು ಇನ್‌ಫ್ಲಮೇಶನ್ ಎನ್ನುವುದಕ್ಕೆ ನಮ್ಮವರು ಕಟ್ಟಿದ ಪದ ಉರಿಯೂತ. ಉರಿ ಮತ್ತು ಊತ. ಸುಮಾರು 2000 ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಎಂಬವನು ಇದಕ್ಕೆ ನಾಲ್ಕು ಲಕ್ಷಣ ಬರೆದಿಟ್ಟ: ಕೆಂಪು, ಊತ, ಬಿಸಿ, ನೋವು. ನಮ್ಮ ಪದದೊಳಗೆ ಅವುಗಳಲ್ಲಿ ಎರಡು ಹಾಗೆಯೇ ಕೂತಿವೆ. ನಮ್ಮ ಕಡೆಯ ಬಾವು ಎಂಬ ಮಾತೂ ಒಳ್ಳೆಯದೇ, ಆದರೆ ಅದರಲ್ಲಿ ಉರಿ ಇಲ್ಲ.

ಈ ಉರಿಯೂತ ಶತ್ರುವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲಿಗೆ ಜಾಲಿಮುಳ್ಳು ಹೊಕ್ಕಾಗ ಸುತ್ತ ಕೆಂಪಾಗಿ ಬಾಯುವುದು ದೇಹ ತನ್ನ ಆಳುಗಳನ್ನು ಅಲ್ಲಿಗೆ ಕಳಿಸಿದ್ದರಿಂದ. ಜೀವಕೋಶದ ಪೊರೆಯಲ್ಲಿ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನ ಆಮ್ಲವೊಂದು ತೆಪ್ಪಗೆ ಇರುತ್ತದೆ. ಪೆಟ್ಟು ಬಿದ್ದೊಡನೆ ಅದು ಬಿಡುಗಡೆಯಾಗುತ್ತದೆ. ಎರಡು ಬಗೆಯ ಕಿಣ್ವಗಳು ಅದನ್ನು ಹಿಡಿದುಕೊಳ್ಳುತ್ತವೆ. ಸೈಕ್ಲೊಆಕ್ಸಿಜನೇಸ್ ಅದರಿಂದ ಪ್ರೊಸ್ಟಗ್ಲಾಂಡಿನ್‌ಗಳನ್ನು ಮಾಡಿಸುತ್ತದೆ, ಲಿಪಾಕ್ಸಿಜನೇಸ್ ಲ್ಯುಕೊಟ್ರೈನ್‌ಗಳನ್ನು. ಇವು ರಕ್ತನಾಳ ಹಿಗ್ಗಿಸುತ್ತವೆ, ನೀರು ಸೋರಿಸುತ್ತವೆ, ನೋವಿನ ನರವನ್ನು ಚುರುಕಾಗಿಸುತ್ತವೆ. ಮುಳ್ಳು ಹೊರಬಿದ್ದ ಮೇಲೆ ಆಳುಗಳು ಮನೆಗೆ ಹೋಗಬೇಕು. ಹೋಗದೆ ಅಲ್ಲೇ ಬಿಡಾರ ಹೂಡಿದರೆ ತೊಂದರೆ.

ಇಳಕಲ್ಲಿನಲ್ಲಿ ಹೀಗೆ ಬಿಡಾರ ಹೂಡಿದ ಉರಿಯೂತದ ಇನ್ನೊಂದು ರೂಪವಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಕೆಂಪು ಗ್ರಾನೈಟ್ ದೇಶವಿದೇಶಕ್ಕೆ ಹೋಗುತ್ತದೆ, ಅದರ ದೂಳು ಮಾತ್ರ ಕೊರೆಯುವವನ ಎದೆಯಲ್ಲಿ ಉಳಿಯುತ್ತದೆ. ಶ್ವಾಸಕೋಶದ ಕಾವಲು ಕೋಶ ಸಿಲಿಕಾ ಹರಳನ್ನು ನುಂಗುತ್ತದೆ, ಜೀರ್ಣಿಸಲಾರದೆ ಒಡೆಯುತ್ತದೆ, ಒಡೆಯುವಾಗ ಉರಿಯ ಸಂಕೇತ ಹೊರಡಿಸುತ್ತದೆ. ಆ ಹರಳನ್ನು ಇನ್ನೊಂದು ಕೋಶ ನುಂಗುತ್ತದೆ. ಕಲೆಗಟ್ಟಿದ ಶ್ವಾಸಕೋಶ ಮತ್ತೆ ಮೆತ್ತಗಾಗುವುದಿಲ್ಲ. ಇದಕ್ಕೆ ಯಾವ ಬೇರೂ ಇಲ್ಲ, ಯಾವ ಗುಳಿಗೆಯೂ ಇಲ್ಲ. ಕಲ್ಲಿಗೆ ನೀರು ಬಿಟ್ಟು ಕೊರೆಯುವುದು, ಮುಖಕ್ಕೆ ಸರಿಯಾದ ಮಾಸ್ಕ್ ಹಾಕುವುದು, ಇಷ್ಟೇ. ಕ್ವಾರಿಯ ಗೆಳೆಯರಿಗೆ ಕಷಾಯ ಮಾರುವವರು ಬಂದರೆ ಈ ಮಾತು ನೆನಪಿರಲಿ.

ಈಗ ಗಿಡಕ್ಕೆ ಬರೋಣ. ಗಿಡದಿಂದ ಉರಿಯೂತ ತಗ್ಗಿಸುವ ವಸ್ತುವನ್ನು ಬೇರ್ಪಡಿಸುವುದು ಎಂದರೇನು? ನಮ್ಮ ಹೆಣ್ಣುಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ, ಚಹಾ ಕುದಿಸಿ ಸೋಸಿ ಚರಟ ಚೆಲ್ಲುವುದರ ದೊಡ್ಡಣ್ಣ ಇದು. ನೆರಳಲ್ಲಿ ಒಣಗಿಸಿದ ಎಲೆಯ ಪುಡಿಯನ್ನು ಗಾಜಿನ ಸಾಕ್ಸ್‌ಲೆಟ್ ಉಪಕರಣದಲ್ಲಿಟ್ಟು ಮೊದಲು ಹೆಕ್ಸೇನ್, ಆಮೇಲೆ ಈಥೈಲ್ ಅಸಿಟೇಟ್, ಕಡೆಗೆ ಮೆಥನಾಲ್, ಹೀಗೆ ಒಂದಾದ ಮೇಲೊಂದು ದ್ರಾವಕದಲ್ಲಿ ಸಾರ ಇಳಿಸುತ್ತೇವೆ. ಎಣ್ಣೆಯಂಥದ್ದು ಮೊದಲಿನದರಲ್ಲಿ ಬರುತ್ತದೆ, ನೀರಿಗೆ ಒಲಿಯುವುದು ಕಡೆಯದರಲ್ಲಿ. ಆ ಸಾರವನ್ನು ಸಿಲಿಕಾ ತುಂಬಿದ ಉದ್ದ ಗಾಜಿನ ಕೊಳವೆಯ ತಲೆಗೆ ಸುರಿದರೆ ಪಟ್ಟಿ ಪಟ್ಟಿಯಾಗಿ ಇಳಿಯುತ್ತದೆ. ಮೊದಲ ಸಲ ಅದನ್ನು ಕಂಡಾಗ ನನಗೆ ನಮ್ಮ ಸೀರೆಯ ಚಿಕ್ಕಿ ಪರಾಸ ದಡಿಯನ್ನು ಯಾರೋ ಗಾಜಿನೊಳಗೆ ನೇಯುತ್ತಿದ್ದಾರೆ ಎನಿಸಿತ್ತು. ಒಂದೊಂದು ಪಟ್ಟಿಯನ್ನು ಬೇರೆ ಬೇರೆ ಸೀಸೆಯಲ್ಲಿ ಹಿಡಿದು ಯಾವುದರಲ್ಲಿ ಗುಣವಿದೆ ಎಂದು ಇಲಿಯ ಮೇಲೆ ನೋಡುತ್ತೇವೆ. ಇಲಿಯ ಪಾದಕ್ಕೆ ಕ್ಯಾರಜೀನನ್ ಎಂಬ ಕಡಲಪಾಚಿಯ ಅಂಟು ಚುಚ್ಚಿ ಬಾವು ಬರಿಸುವ ಈ ವಿಧಾನವನ್ನು 1962ರಲ್ಲಿ ವಿಂಟರ್ ಮತ್ತು ಸಂಗಡಿಗರು ಪ್ರಕಟಿಸಿದರು. ಅಂದಿನಿಂದ ನಮ್ಮ ದೇಶದ ಫಾರ್ಮಸಿ ಕಾಲೇಜುಗಳಲ್ಲಿ ಎಷ್ಟು ಇಲಿಗಳ ಪಾದ ಬಾತಿವೆಯೋ ದೇವರೇ ಬಲ್ಲ.

ಲಕ್ಕಿ ಎಲೆಯಲ್ಲಿ ಹೀಗೆ ಸಿಕ್ಕವು ಅಗ್ನುಸೈಡ್, ನೆಗುಂಡೊಸೈಡ್ ಎಂಬ ಇರಿಡಾಯ್ಡ್‌ಗಳು ಮತ್ತು ಕ್ಯಾಸ್ಟಿಸಿನ್ ಎಂಬ ಫ್ಲೇವನಾಯ್ಡ್. ಇಲಿಯ ಪಾದದಲ್ಲಿ ಎಲೆಯ ಸಾರ ಬಾವು ಇಳಿಸುತ್ತದೆ. ಅಜ್ಜಿ ಗೆದ್ದಳು ಎನ್ನಲು ನನಗೂ ಆಸೆ. ಆದರೆ ಅಜ್ಜಿ ಇಲಿಗೆ ಸಾರ ಕುಡಿಸಿರಲಿಲ್ಲ, ಅವ್ವನ ಮಣಕಾಲಿಗೆ ಬಿಸಿ ಗಂಟು ಇಟ್ಟಿದ್ದಳು. ಬಿಸಿಗೂ ನೋವು ತಗ್ಗಿಸುವ ಶಕ್ತಿ ಇದೆ. ಲಕ್ಕಿ ಗಂಟಿನ ಪಕ್ಕದಲ್ಲಿ ಗುಣವಿಲ್ಲದ ಬೇರೊಂದು ಎಲೆಯ ಗಂಟನ್ನು ಅಷ್ಟೇ ಬಿಸಿಯಲ್ಲಿಟ್ಟು ಹೋಲಿಸಬೇಕು. ಇದನ್ನು ಮಾಡೋಣವೆಂದು ಒಮ್ಮೆ ವಿದ್ಯಾರ್ಥಿಗಳಿಗೆ ಹೇಳಿದೆ. ಔಡಲ ಎಲೆ ತರೋಣವೆಂದರು, ಅದೂ ಬಾವಿಗೆ ಔಷಧಿ. ಹುಣಸಿ ತಪ್ಪಲೆಂದರು, ಅದೂ ಔಷಧಿ. ಎಕ್ಕಿ ಎಲೆಯಂತೂ ಕೇಳಲೇಬೇಡಿ. ನಮ್ಮ ನಾಡಿನಲ್ಲಿ ಔಷಧಿಯಲ್ಲದ ಎಲೆ ಹುಡುಕುವುದೇ ಕಷ್ಟ!

ಎಕ್ಕಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಅದರ ಬೆಚ್ಚಗಿನ ಎಲೆಯನ್ನು ಬಾವಿಗೆ ಕಟ್ಟುತ್ತೇವೆ. ಅದರ ಹಾಲೇ ಚುಚ್ಚಿದರೆ ಇಲಿಯ ಪಾದ ಬಾಯುತ್ತದೆ. ಪ್ರಯೋಗಶಾಲೆಗಳಲ್ಲಿ ಬಾವು ಬರಿಸಲಿಕ್ಕೆಂದೇ ಎಕ್ಕಿ ಹಾಲನ್ನು ಬಳಸಿದ್ದುಂಟು. ಒಂದೇ ಗಿಡ, ಎಲೆಗೊಂದು ನ್ಯಾಯ, ಹಾಲಿಗೊಂದು ನ್ಯಾಯ.

ಬೇರ್ಪಡಿಸಿದ ವಸ್ತು ಔಷಧಿಯಾಗಿ ಗೆದ್ದ ಕಥೆ ಕೇಳಬೇಕೆಂದರೆ ಇಂಗ್ಲೆಂಡಿನ ವಿಲೋ ಮರಕ್ಕೆ ಹೋಗಬೇಕು. 1763ರಲ್ಲಿ ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿ ಆ ಮರದ ತೊಗಟೆಯ ಪುಡಿ ಜ್ವರ ಇಳಿಸುತ್ತದೆಂದು ರಾಯಲ್ ಸೊಸೈಟಿಗೆ ಪತ್ರ ಬರೆದ. 1828ರಲ್ಲಿ ಮ್ಯೂನಿಕ್‌ನ ಬುಕ್ನರ್ ಅದರಿಂದ ಸ್ಯಾಲಿಸಿನ್ ಬೇರ್ಪಡಿಸಿದ. ಅದರಿಂದ ಬಂದ ಸ್ಯಾಲಿಸಿಲಿಕ್ ಆಮ್ಲ ಹೊಟ್ಟೆ ಸುಡುತ್ತಿತ್ತು. 1897ರಲ್ಲಿ ಬೇಯರ್ ಕಂಪನಿಯಲ್ಲಿ ಅದಕ್ಕೊಂದು ಅಸಿಟೈಲ್ ತುಣುಕು ಜೋಡಿಸಿದರು, 1899ರಲ್ಲಿ ಆಸ್ಪಿರಿನ್ ಹೆಸರಲ್ಲಿ ಮಾರಾಟಕ್ಕೆ ಬಂತು. ಅದು ಸೈಕ್ಲೊಆಕ್ಸಿಜನೇಸ್ ದಾರಿಯನ್ನು ಕಟ್ಟುತ್ತದೆ ಎಂದು ಜಾನ್ ವೇನ್ ತೋರಿಸಿದ್ದು 1971ರಲ್ಲಿ, ನೊಬೆಲ್ ಬಂದದ್ದು 1982ರಲ್ಲಿ. ಪಾದ್ರಿಯ ಪತ್ರದಿಂದ ವೇನ್‌ವರೆಗೆ 208 ವರ್ಷ! ಆ ಕಾಲವೆಲ್ಲ ಹೋದದ್ದು ಗಿಡ ಹುಡುಕಲಿಕ್ಕಲ್ಲ, ಗಿಡ ಮೊದಲ ದಿನವೇ ಸಿಕ್ಕಿತ್ತು. ಯಾವ ವಸ್ತು, ಎಷ್ಟು ತೂಕ, ಎಲ್ಲಿ ನಾಟುತ್ತದೆ ಎಂದು ಲೆಕ್ಕ ಹಿಡಿಯಲಿಕ್ಕೆ.

ಇದೇ ನನ್ನ ಮಾತಿನ ಹುರಿ. ನಮಗೆ ಗಿಡ ಗೊತ್ತು, ಎಣಿಕೆ ಗೊತ್ತಿಲ್ಲ. ಇಳಕಲ್ಲಿನವರಿಗೆ ಇದನ್ನು ಹೇಳಲು ಸಂಕೋಚವಾಗುತ್ತದೆ. ಸೆರಗಿನ ರೇಷ್ಮೆ ಹಾಸನ್ನು ಒಡಲ ಹಾಸಿಗೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವವರು ನೀವು. ಒಂದು ಎಳೆ ತಪ್ಪಿದರೆ ತೋಪು ತೆನೆಯ ಗೆರೆ ಸೊಟ್ಟಾಗುತ್ತದೆಂದು ಕಣ್ಣು ಬಿಟ್ಟುಕೊಂಡು ಕೂಡುವವರು. ಕಸೂತಿ ಹಾಕುವ ಅಕ್ಕಂದಿರು ಅಚ್ಚು ಒತ್ತದೆ ಬರೀ ಎಳೆ ಎಣಿಸಿ ಗೋಪುರ ಎತ್ತುತ್ತಾರೆ. ಅಂಥ ನಾವು ಔಷಧಿಯ ಮಾತು ಬಂದಾಗ ಮಾತ್ರ ‘ಒಂದು ಮುಷ್ಟಿ’, ‘ಚಿಟಿಕೆ’, ‘ಬೆರಳುದ್ದ’ ಎನ್ನುತ್ತೇವೆ.

ಚಿಟಿಕೆ ಅಂದರೆ ಅರಿಶಿಣ. ನಮ್ಮ ಜಿಲ್ಲೆಯಲ್ಲೇ ತೇರದಾಳ, ಜಮಖಂಡಿ ಭಾಗದಲ್ಲಿ ಬೆಳೆದು, ಕುದಿಸಿ, ಒಣಗಿಸಿ, ಹೊಳಪು ಕೊಟ್ಟು ಸಾಂಗ್ಲಿ ಪೇಟೆಗೆ ಒಯ್ಯುತ್ತಾರೆ. ಅದರ ಹಳದಿ ವಸ್ತುವನ್ನು 1815ರಲ್ಲಿ ವೋಗೆಲ್ ಮತ್ತು ಪೆಲೆಟಿಯರ್ ಬೇರ್ಪಡಿಸಿ ಕರ್ಕ್ಯುಮಿನ್ ಎಂದರು. ರಚನೆ ತಿಳಿದದ್ದು 1910ರಲ್ಲಿ. ಗಾಜಿನ ತಟ್ಟೆಯ ಮೇಲೆ ಇಳಿಬಿಟ್ಟರೆ ಮೂರು ಚುಕ್ಕೆ ಕಾಣುತ್ತವೆ: ಕರ್ಕ್ಯುಮಿನ್ ಮತ್ತು ಅದರ ಇಬ್ಬರು ತಮ್ಮಂದಿರು. ಉರಿಯೂತದ ಜೀನುಗಳನ್ನು ಎಬ್ಬಿಸುವ ಎನ್‌ಎಫ್ ಕಪ್ಪಾ ಬಿ ಎಂಬ ಪ್ರೋಟೀನನ್ನು ಅದು ಗಾಜಿನ ತಟ್ಟೆಯ ಕೋಶಗಳಲ್ಲಿ ಅಡಗಿಸುತ್ತದೆ ಎಂದು 1995ರಲ್ಲಿ ಪ್ರಕಟವಾದ ಮೇಲೆ ಕರ್ಕ್ಯುಮಿನ್ ಜಾತ್ರೆಯೇ ಶುರುವಾಯಿತು. ಅದೇ ವರ್ಷ ಗಾಯಕ್ಕೆ ಅರಿಶಿಣ ಬಳಸುವುದಕ್ಕೆ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು, ನಮ್ಮ ದೇಶದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹೋರಾಡಿ 1997ರಲ್ಲಿ ರದ್ದು ಮಾಡಿಸಿತು. ಆ ಜಗಳದಲ್ಲಿ ಅಜ್ಜಿಯರ ಬಾಯಿಮಾತು ಸಾಕ್ಷಿಯಾಗಿ ನಡೆಯಲಿಲ್ಲ. ನಡೆದದ್ದು ಬರಹ: ಹಳೆಯ ಗ್ರಂಥಗಳು ಮತ್ತು 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅಚ್ಚಾಗಿದ್ದ ಒಂದು ಲೇಖನ.

ಈಗ ಲೆಕ್ಕ ಮಾಡೋಣ. ಒಳ್ಳೆಯ ಅರಿಶಿಣದ ಪುಡಿಯಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರರ ಆಸುಪಾಸು. ಹಾಲಿಗೆ ಹಾಕುವ ಅರ್ಧ ಗ್ರಾಂ ಪುಡಿಯಲ್ಲಿ 15 ಮಿಲಿಗ್ರಾಂ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ಜಗತ್ತಿನಾದ್ಯಂತ ಉಲ್ಲೇಖಗೊಳ್ಳುತ್ತದೆ. ಅದರಲ್ಲಿ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ನುಂಗಿಸಿದರು. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಅದು ಅರವತ್ತು ಗ್ರಾಂಗೂ ಹೆಚ್ಚು ಅರಿಶಿಣ, ಒಂದು ಸಣ್ಣ ಪೊಟ್ಟಣ ಖಾಲಿ! ಅಷ್ಟು ನುಂಗಿದರೂ ರಕ್ತದಲ್ಲಿ ಅದು ಕಂಡೂ ಕಾಣದಷ್ಟು. ಜೊತೆಗೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಮೆಣಸಿನಕಾಳಿನ ಖಾರದ ವಸ್ತು, ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಶೇ. 2000ರಷ್ಟು ಏರಿತು. ಜಾಹೀರಾತಿನವರು ಈ ಅಂಕಿಯನ್ನು ಹಿಡಿದು ಕುಣಿದರು. ಇಲ್ಲದಂತಿದ್ದದ್ದು ಇಪ್ಪತ್ತು ಪಟ್ಟಾದರೂ ಬಹಳವೇನೂ ಆಗುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಪೈಪರಿನ್ ಮಾಡುವುದೇನೆಂದರೆ, ಕರ್ಕ್ಯುಮಿನ್ನನ್ನು ಹೊರದಬ್ಬುವ ಯಕೃತ್ತು ಮತ್ತು ಕರುಳಿನ ಕೆಲಸವನ್ನು ತಡೆಯುವುದು. ಬೇರೆ ಗುಳಿಗೆ ನುಂಗುವವರಲ್ಲಿ ಆ ಗುಳಿಗೆಗಳ ಮಟ್ಟವೂ ಏರಬಹುದು ಎಂಬುದು ಪೊಟ್ಟಣದ ಮೇಲೆ ಇರುವುದಿಲ್ಲ.

2017ರಲ್ಲಿ ಅಮೆರಿಕದ ಔಷಧ ರಸಾಯನ ಪತ್ರಿಕೆಯೊಂದರಲ್ಲಿ ನೆಲ್ಸನ್ ಮತ್ತು ಸಂಗಡಿಗರು 120ಕ್ಕೂ ಹೆಚ್ಚು ಮಾನವ ಪ್ರಯೋಗಗಳ ಹಿನ್ನೆಲೆಯಲ್ಲಿ ಖಡಕ್ಕಾಗಿ ಬರೆದರು: ಕರ್ಕ್ಯುಮಿನ್ ಅಸ್ಥಿರ, ಪರೀಕ್ಷೆಗಳನ್ನು ಮೋಸಗೊಳಿಸುವ ಗುಣದ್ದು, ಕಟ್ಟುನಿಟ್ಟಾದ ಪ್ರಯೋಗದಲ್ಲಿ ಗೆದ್ದಿಲ್ಲ. ಸವೆದ ಮಣಕಾಲಿನ ಮೇಲೆ ನಡೆದ ಸಣ್ಣ ಪ್ರಯೋಗಗಳು ಕೆಲವು ನೋವು ತುಸು ಇಳಿದದ್ದನ್ನು ತೋರಿಸಿವೆ, ಅದನ್ನೂ ಮುಚ್ಚಿಡುವುದಿಲ್ಲ. ನನ್ನ ಮಟ್ಟಿಗೆ ಅರಿಶಿಣ ಸಾರಿನಲ್ಲಿರಲಿ, ಕ್ಯಾಪ್ಸೂಲಿನ ಅರಿಶಿಣಕ್ಕೆ ನಾನು ದುಡ್ಡು ಕೊಡುವುದಿಲ್ಲ.

ಗುಗ್ಗುಳದ ಕಥೆ ಇನ್ನೂ ಸ್ವಾರಸ್ಯ. ನಮ್ಮ ಕಡೆ ಮದುವೆಯಲ್ಲಿ ವೀರಭದ್ರನ ಗುಗ್ಗಳ ಹೊರಡಿಸುತ್ತಾರಲ್ಲ, ಆ ಹೆಸರು ಬಂದದ್ದು ಗುಗ್ಗುಳ ಮರದ ಅಂಟಿನಿಂದಲೇ. 1966ರಲ್ಲಿ ಜಿ.ವಿ. ಸತ್ಯವತಿ ಎಂಬ ಯುವ ವೈದ್ಯೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಸುಶ್ರುತನ ಮಾತಿನ ಎಳೆ ಹಿಡಿದು ಮೊಲಗಳ ಮೇಲೆ ಗುಗ್ಗುಳ ಪ್ರಯೋಗಿಸಿ, ಅದು ರಕ್ತದ ಕೊಬ್ಬು ಇಳಿಸುತ್ತದೆ ಎಂದು ಪ್ರೌಢಪ್ರಬಂಧ ಬರೆದರು. ಆಕೆಯೇ ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊದಲ ಮಹಿಳಾ ಮಹಾನಿರ್ದೇಶಕಿ. ಅಂಟಿನಿಂದ ಗುಗ್ಗುಲ್‌ಸ್ಟೆರೋನ್ ಬೇರ್ಪಟ್ಟಿತು, ಗುಗ್ಗುಲಿಪಿಡ್ ಎಂಬ ಔಷಧಿ ಮಾರುಕಟ್ಟೆಗೆ ಬಂತು. 2003ರಲ್ಲಿ ಅಮೆರಿಕದ ಪ್ರಯೋಗವೊಂದರಲ್ಲಿ ಕೆಟ್ಟ ಕೊಲೆಸ್ಟರಾಲ್ ಇಳಿಯುವ ಬದಲು ತುಸು ಏರಿಬಿಟ್ಟಿತು. ಮರದ ಪಾಡೋ, ಆಳವಾಗಿ ಕಚ್ಚು ಹಾಕಿ ಅಂಟು ಇಳಿಸಿ ಇಳಿಸಿ ಇಂದು ಅದು ಅಳಿವಿನಂಚಿನ ಕೆಂಪು ಪಟ್ಟಿಯಲ್ಲಿದೆ. ಅದರ ದಾಯಾದಿ ಸಲಾಯಿ ಗುಗ್ಗುಳ, ಅಂದರೆ ಒಣ ಕಲ್ಲುಗುಡ್ಡಗಳ ಧೂಪದ ಮರ, ಬೊಸ್ವೆಲಿಕ್ ಆಮ್ಲಗಳನ್ನು ಕೊಟ್ಟಿತು. ಆಸ್ಪಿರಿನ್ ಮುಟ್ಟದ ಲಿಪಾಕ್ಸಿಜನೇಸ್ ದಾರಿಯನ್ನು ಇವು ತಡೆಯುತ್ತವೆ ಎಂದು ಜರ್ಮನಿಯ ಅಮ್ಮೊನ್ ತಂಡ ತೋರಿಸಿತು. 2003ರಲ್ಲಿ ನಾಗಪುರದಲ್ಲಿ ಮಣಕಾಲು ಸವೆದ 30 ಮಂದಿಯ ಮೇಲೆ ನೋಡಿದಾಗ ನೋವು, ಊತ ಎರಡೂ ಇಳಿದವು. ಮೂವತ್ತು ಮಂದಿ ಸಣ್ಣ ಲೆಕ್ಕ, ಆದರೂ ನನಗೆ ಅರಿಶಿಣಕ್ಕಿಂತ ಇದರ ಮೇಲೆ ಭರವಸೆ ಜಾಸ್ತಿ. ಮರ ಉಳಿದರೆ!

ಅಳತೆಯ ಮಾತಿಗೆ ಕಣ್ಣಿಗೆ ಕಟ್ಟುವ ಸಾಕ್ಷಿ ಗೌರಿ ಹೂವು, ಕೆಲವರು ಅಗ್ನಿಶಿಖೆ ಎನ್ನುವ ಬಳ್ಳಿ. ಬೆಂಕಿಯ ನಾಲಗೆಯಂಥ ಆ ಹೂವಿನ ಗಡ್ಡೆ ಮತ್ತು ಬೀಜದಲ್ಲಿ ಕಾಲ್ಚಿಸಿನ್ ಇದೆ. ಯುರೋಪಿನ ಬೇರೊಂದು ಗಿಡದಿಂದ 1820ರಲ್ಲಿ ಅದನ್ನು ಬೇರ್ಪಡಿಸಿದವನು ಅರಿಶಿಣದ ಅದೇ ಪೆಲೆಟಿಯರ್, ಜೊತೆಗೆ ಕವಾಂತು. ಕೀಲಿನಲ್ಲಿ ಯೂರಿಕ್ ಆಮ್ಲದ ಹರಳು ಕೂತು ಕಾಲ ಹೆಬ್ಬೆರಳು ಬಾಯುವ ಗೌಟ್ ರೋಗಕ್ಕೆ ಇಂದಿಗೂ ಇದು ಔಷಧಿ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ದಿನಕ್ಕೆ ಅರ್ಧ ಮಿಲಿಗ್ರಾಂ ಕಾಲ್ಚಿಸಿನ್ನನ್ನು ಹೃದಯರೋಗಿಗಳಿಗೂ ಒಪ್ಪಿದರು. ಅರ್ಧ ಮಿಲಿಗ್ರಾಂ ಔಷಧಿ. ಅದೇ ಬಳ್ಳಿಯ ಗಡ್ಡೆ ತಿಂದು ಸತ್ತವರ ವರದಿಗಳು ದಕ್ಷಿಣ ಭಾರತದ ಆಸ್ಪತ್ರೆಗಳಿಂದ ಬರುತ್ತಲೇ ಇವೆ. ಒಂದು ಗಡ್ಡೆಯಲ್ಲಿ ಎಷ್ಟಿದೆ, ಇನ್ನೊಂದರಲ್ಲಿ ಎಷ್ಟಿದೆ ಎಂದು ಕೈಯಲ್ಲಿ ಹಿಡಿದು ಹೇಳಬಲ್ಲ ನಾಟಿ ವೈದ್ಯ ಇನ್ನೂ ಹುಟ್ಟಿಲ್ಲ.

ಇನ್ನು ನಮ್ಮ ಮನೆಯ ಕಥೆಯ ಉಳಿದ ಭಾಗ. ಅಜ್ಜಿ ತೀರಿಕೊಂಡ ಮೇಲೆ ಲಕ್ಕಿ ಕಾವು ನಿಂತಿತು. ಒಬ್ಬರು ಹಳ್ಳಿ ಹಳ್ಳಿ ತಿರುಗುತ್ತ ಬೇರಿನ ಪುಡಿ ಮಾರುತ್ತಿದ್ದರು. ಅವ್ವ ತಂದಳು. ಎರಡೇ ದಿನಕ್ಕೆ ನೋವು ಮಾಯ. ‘ಪಕ್ಕಾ ಗಾಂವಟಿ ಐತಿ, ಬರೇ ಬೇರು’ ಎಂದು ಓಣಿಗೆಲ್ಲ ಹೇಳಿ ನಾಲ್ಕು ಮನೆಗೆ ಕೊಡಿಸಿದಳು. ಆರು ತಿಂಗಳಿಗೆ ಮುಖ ಹುಣ್ಣಿಮೆ ಚಂದ್ರನಾಯಿತು, ತೊಗಲು ತೆಳ್ಳಗಾಗಿ ಮುಟ್ಟಿದಲ್ಲಿ ನೀಲಿಗಟ್ಟಿತು. ಪುಡಿ ತೀರಿದ ವಾರದಲ್ಲಿ ತಲೆ ತಿರುಗಿ ಬಿದ್ದಳು. ಡಾಕ್ಟರು ನೋಡಿದವರೇ ‘ಏನು ತಿಂತಿದ್ದಿ?’ ಎಂದರು. ಆಗ ನಾನು ಸ್ನಾತಕೋತ್ತರ ವಿದ್ಯಾರ್ಥಿ. ಪೊಟ್ಟಣದ ತಳದ ಪುಡಿಯನ್ನು ಒಯ್ದು ತೆಳುಪದರದ ತಟ್ಟೆಯ ಮೇಲೆ ಡೆಕ್ಸಾಮೆಥಸೋನ್ ಪಕ್ಕದಲ್ಲಿ ಇಳಿಬಿಟ್ಟೆ. ಎರಡು ಚುಕ್ಕೆ ಒಂದೇ ಎತ್ತರದಲ್ಲಿ ನಿಂತವು. ಬೇರಿನ ಪುಡಿಯೊಳಗೆ ಸ್ಟೆರಾಯ್ಡ್. ನೋವು ನಿಂತದ್ದರ ಗುಟ್ಟು ಅದು, ಮುಖ ಬಾತದ್ದರ ಗುಟ್ಟೂ ಅದೇ.

ತಮಾಷೆಯೆಂದರೆ ಆ ಸ್ಟೆರಾಯ್ಡ್ ಕೂಡ ಗಿಡದ ಸಂಬಂಧವೇ. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಮೆಕ್ಸಿಕೊದ ಕಾಡುಗೆಣಸಿನ ಡಯಾಸ್ಜೆನಿನ್‌ನಿಂದ ಹಾರ್ಮೋನು ಮಾಡುವ ದಾರಿ ಹಾಕಿಕೊಟ್ಟದ್ದರಿಂದಲೇ ಸ್ಟೆರಾಯ್ಡ್ ಕಾರ್ಖಾನೆಗಳು ಎದ್ದವು. ನಮ್ಮ ಮೆಂತೆಕಾಳಿನಲ್ಲೂ ಡಯಾಸ್ಜೆನಿನ್ ಇದೆ. ‘ಗಿಡದ್ದು’ ಮತ್ತು ‘ಕೆಮಿಕಲ್’ ಎಂದು ಎರಡು ಜಾತಿ ಮಾಡಿ ಒಂದಕ್ಕೆ ಕೈಮುಗಿದು ಇನ್ನೊಂದಕ್ಕೆ ಹೆದರುವವರಿಗೆ ಇದನ್ನು ಹೇಳುತ್ತಿರುತ್ತೇನೆ. ಕಾಡುಗೆಣಸಿನ ಮೊಮ್ಮಗ ಬೇರಿನ ಪುಡಿಯಲ್ಲಿ ಹೊಕ್ಕು ಅವ್ವನನ್ನು ಕೆಡವಿದ. ಕೆಡವಿದ್ದು ಅವನ ಕುಲವಲ್ಲ, ಎಣಿಸದೆ, ಹೇಳದೆ ಕೊಟ್ಟದ್ದು.

ಈ ಊರಿನ ಮಠದ ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ದುಶ್ಚಟ ಭಿಕ್ಷೆ ಕೇಳುತ್ತಿದ್ದದ್ದನ್ನು ಇಲ್ಲಿನ ಹಿರಿಯರು ಕಂಡಿದ್ದೀರಿ. ಅವರ ಜನ್ಮದಿನ ಆಗಸ್ಟ್ 1 ಇಂದು ರಾಜ್ಯದ ವ್ಯಸನಮುಕ್ತ ದಿನ. ಬೀಡಿ, ತಂಬಾಕು, ಸೆರೆ ಬಿದ್ದ ಆ ಜೋಳಿಗೆಗೆ ಹೆಸರಿಲ್ಲದ ಪುಡಿ ಪೊಟ್ಟಣಗಳೂ, ದಿನಾ ಅಂಗಡಿಯಲ್ಲಿ ಕೇಳಿ ನುಂಗುವ ನೋವಿನ ಗುಳಿಗೆಗಳೂ ಬೀಳಬೇಕಿತ್ತು ಎಂದು ನನಗೆ ಅನಿಸುತ್ತದೆ. ಗುಳಿಗೆಯ ಕಡೆಯೂ ಪಾಪವಿದೆ: ಹೊಟ್ಟೆಯಲ್ಲಿ ರಕ್ತಸ್ರಾವ, ಸೋಲುವ ಮೂತ್ರಪಿಂಡ. ಕುಂಟುವ ಎತ್ತಿಗೆ ಕೊಟ್ಟ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ ಸತ್ತ ಎತ್ತಿನ ಮಾಂಸದಲ್ಲಿ ಉಳಿದು ದೇಶದ ರಣಹದ್ದುಗಳನ್ನು ಬಹುಪಾಲು ಮುಗಿಸಿದ್ದು, 2006ರಲ್ಲಿ ಅದರ ಪಶು ಬಳಕೆಯನ್ನು ನಿಷೇಧಿಸಬೇಕಾಗಿ ಬಂದದ್ದು ನಿಮಗೆ ನೆನಪಿರಬಹುದು.

ಇಲ್ಲಿ ಆಯುರ್ವೇದ ಓದುವ ಹುಡುಗ ಹುಡುಗಿಯರು ಕಾಣುತ್ತಿದ್ದೀರಿ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಫಾರ್ಮಸಿ ಕಾಲೇಜು ಇದೆ. ಆಚೆ ಗದಗದಲ್ಲಿ 2019ರಲ್ಲಿ ವನ್ಯಜೀವಿ ಧಾಮವಾದ ಔಷಧಿ ಗಿಡಗಳ ಕಪ್ಪತಗುಡ್ಡ ಇದೆ. ನಿಮ್ಮಲ್ಲಿ ಒಬ್ಬರಾದರೂ ಹುನಗುಂದ, ಬಾದಾಮಿ, ಇಳಕಲ್ಲುಗಳ ಲಕ್ಕಿಯನ್ನು ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಮುರಿದು ಅಗ್ನುಸೈಡ್ ಎಷ್ಟೆಷ್ಟಿದೆ ಎಂದು ತೂಗಿ ಬರೆದಿಡಿ. ಇಲಿಯ ಪಾದ ಸಾಕು, ಅದನ್ನು ಬಹಳ ಮಂದಿ ಮಾಡಿದ್ದಾರೆ. ಬಿಸಿ ಗಂಟುಗಳನ್ನು ಕಟ್ಟಿ, ಯಾವುದರಲ್ಲಿ ಲಕ್ಕಿ ಇದೆ ಎಂದು ಕೊಡುವವರಿಗೂ ತಿಳಿಯದಂತೆ, ನೂರು ಮಂದಿ ನೇಕಾರರ ಮಣಕಾಲಿನ ಮೇಲೆ ನೋಡಿ. ಗುಣವಿಲ್ಲದ ಎಲೆ ಯಾವುದೆಂದು ಮೊದಲು ಹುಡುಕಿಕೊಳ್ಳಬೇಕು, ಅಷ್ಟೇ.

ಅವ್ವ ಚೇತರಿಸಿಕೊಂಡ ಮೇಲೆ ಮತ್ತೆ ಲಕ್ಕಿ ತಪ್ಪಲು ತರಿಸಿಕೊಂಡಳು. ನಾನು ಬೇಡವೆನ್ನಲಿಲ್ಲ, ತೊಗಲು ಸುಡದಂತೆ ನೋಡಿಕೋ ಎಂದೆ. ರಾತ್ರಿ ನಿದ್ದೆ ಬರುತ್ತಿತ್ತು, ಬೆಳಿಗ್ಗೆ ಮಗ್ಗಕ್ಕಿಳಿದರೆ ಸಂಜೆಗೆ ಮತ್ತೆ ಬಾವು. ಒಂದು ದಿನ ನನ್ನ ತಮ್ಮ ಅವಳು ನೇಯುವುದನ್ನು ಪಕ್ಕದಲ್ಲಿ ಕೂತು ಬಹಳ ಹೊತ್ತು ನೋಡಿದ. ಆಮೇಲೆ ಕೂಡುವ ಹಲಗೆಯ ಕೆಳಗೆ ಎರಡು ಇಟ್ಟಂಗಿ ಇಟ್ಟು ನಾಲ್ಕು ಬೆರಳು ಎತ್ತರಿಸಿದ, ಕುಣಿಯ ತುಳಿಕೋಲನ್ನು ಒಂದು ಗೇಣು ಹಿಂದಕ್ಕೆ ಸರಿಸಿದ. ಮೊದಲ ವಾರ ಅವ್ವ ಬೈದಳು, ದಡಿ ಕಣ್ಣಿಗೆ ದೂರಾಯಿತೆಂದು. ಎರಡನೆಯ ತಿಂಗಳಿಗೆ ಲಕ್ಕಿ ತರಿಸುವುದನ್ನು ಮರೆತಳು.